ಒಲೆಯಿಂದ ಎಷ್ಟು ಹೊತ್ತು, ಗಿಡದಿಂದ ಎಷ್ಟು ದಿನ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧ ಪ್ರವಾಸದ ಊಟದ್ದು, ಇನ್ನರ್ಧ ಸೀಸನ್ ಹಣ್ಣು-ತರಕಾರಿದು. ಎರಡು ಕಂತಲ್ಲಿ ಹಾಕೋಣ ಅಂತ ಕೂತೆ, ಆದ್ರೆ ಬರೀತಾ ಬರೀತಾ ಎರಡಕ್ಕೂ ಉತ್ತರ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ತಿದೆ ಅನ್ನಿಸ್ತು, ಅದಕ್ಕೇ ಎಲ್ಲಾ ಒಟ್ಟಿಗೆ ಹಾಕಿದೀನಿ. ಹೆಸರು ಬೇಡ ಅಂದೋರೇ ಜಾಸ್ತಿ ಇರೋದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಮ್ಮ ಯಜಮಾನ್ರು ಎಲ್ಲಿಗೆ ಹೊರಟ್ರೂ ಮನೆಯಿಂದ ಡಬ್ಬಿ ಕಟ್ಟಿಸ್ಕೊಂಡೇ ಹೊರಡೋದು. ಹೊರಗೆ ತಿಂದ್ರೆ ಹೊಟ್ಟೆ ಕೆಡುತ್ತೆ ಅನ್ನೋ ಭಯ. ನನಗೆ ಹೋದ ಊರಲ್ಲಿ ಆ ಊರಿನೋರು ತಿನ್ನೋದನ್ನೇ ತಿನ್ಬೇಕು ಅಂತ ಆಸೆ. ಮೂರು ದಿನದ ಟ್ರಿಪ್ಪಲ್ಲಿ ಎರಡು ದಿನ ಇದೇ ಜಗಳ. ಯಾರು ಸರಿ ನೀವೇ ಹೇಳಿ.

ನೀವೇ ಸರಿ ಅಂತ ಬರೆದ್ರೆ ಈ ಪುಟ ಕತ್ತರಿಸಿ ಫ್ರಿಜ್ ಮೇಲೆ ಅಂಟಿಸ್ತೀರಾ ಅಂತ ಗೊತ್ತು, ಆದ್ರೂ ನೀವೇ ಸರಿ. ಯಜಮಾನ್ರ ಭಯ ಸುಳ್ಳಲ್ಲ, ಭಯ ಪಡ್ತಿರೋ ವಸ್ತು ಮಾತ್ರ ತಪ್ಪು. ಬೆಳಿಗ್ಗೆ ಆರಕ್ಕೆ ಕಟ್ಟಿದ ಡಬ್ಬಿ ಬ್ಯಾಗಿನ ತಳದಲ್ಲಿ ಬೆಚ್ಚಗೆ ಕೂತಿದ್ದು ಮಧ್ಯಾಹ್ನ ಎರಡಕ್ಕೆ ಬಿಚ್ಚಿದ್ರೆ ಆ ಊಟಕ್ಕೆ ಎಂಟು ಗಂಟೆ ವಯಸ್ಸಾಗಿರುತ್ತೆ. ನಿಮ್ಮ ಕಣ್ಣೆದುರಿಗೇ ಬಾಣಲೆಯಿಂದ ತಟ್ಟೆಗೆ ಬಿದ್ದ ತಿಂಡಿಗೆ ಎರಡು ನಿಮಿಷ. ಬ್ಯಾಕ್ಟೀರಿಯಾಗೆ ಮನೆ ಊಟ, ಹೋಟೆಲ್ ಊಟ ಅನ್ನೋ ಭೇದ ಎಲ್ಲಿ ಬಂತು, ಅದಕ್ಕೆ ಬೇಕಿರೋದು ಬಿಸಿ ಆರಿದ ಜಾಗ, ಒಂಚೂರು ತೇವ, ಸಾಕಷ್ಟು ಹೊತ್ತು ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ತನಕದ್ದನ್ನ ಅಪಾಯದ ವಲಯ ಅಂತ ಕರೆಯುತ್ತೆ, ಬೇಯಿಸಿದ್ದನ್ನ ಹೊರಗಡೆ 2 ಗಂಟೆಗಿಂತ ಜಾಸ್ತಿ ಇಡ್ಬೇಡಿ ಅನ್ನುತ್ತೆ. ಯಾಕಂದ್ರೆ ಅನುಕೂಲ ಇದ್ದಾಗ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಂದ್ಸಲ ದುಪ್ಪಟ್ಟಾಗ್ತವೆ, ಲೆಕ್ಕ ಹಾಕಿ ನೋಡಿ, ಒಂದು ಇದ್ದಿದ್ದು ಎರಡು ಗಂಟೇಲಿ 64, ನಾಲ್ಕು ಗಂಟೇಲಿ ನಾಲ್ಕು ಸಾವಿರ ದಾಟುತ್ತೆ.

ಇದರಲ್ಲಿ ಅನ್ನದ್ದೇ ಒಂದು ತರಲೆ. ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಅದರ ಬೀಜಕಣಗಳು ಅಕ್ಕಿ ಬೆಂದ್ರೂ ಸಾಯಲ್ಲ, ಅನ್ನ ಉಗುರುಬೆಚ್ಚಗಾದಾಗ ಎದ್ದು ಕೂತು ವಿಷ ಮಾಡೋಕೆ ಶುರು ಮಾಡ್ತವೆ, ಆ ವಿಷ ಆಮೇಲೆ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ಹಾಗಾಗಿ ‘ಬಿಸಿ ಮಾಡ್ಕೊಂಡು ತಿಂದ್ವಲ್ಲ’ ಅನ್ನೋ ಸಮಾಧಾನ ಇಲ್ಲಿ ಕೆಲಸಕ್ಕೆ ಬರಲ್ಲ.

ಅಂಗಡಿ ಹೇಗೆ ಆರಿಸ್ಬೇಕು ಅಂದ್ರೆ, ಬೋರ್ಡು ನೋಡ್ಬೇಡಿ, ಸೌಟು ಹಿಡಿದಿರೋ ಕೈ ನೋಡಿ. ಐದು ನಿಮಿಷ ಸುಮ್ನೆ ಪಕ್ಕದಲ್ಲಿ ನಿಂತ್ಕೊಳ್ಳಿ. ಬಡಿಸೋ ಕೈಯಲ್ಲೇ ದುಡ್ಡು ತಗೋತಿದಾರಾ, ಒದ್ದೆ ತಟ್ಟೆ ಯಾವ ಬಟ್ಟೇಲಿ ಒರೆಸ್ತಿದಾರೆ, ಪಾತ್ರೆ ಮುಚ್ಚಳ ತೆಗೆದಾಗ ಹಬೆ ಏಳುತ್ತಾ ಇಲ್ಲಾ ಬರೀ ಮುಚ್ಚಳದ ಒಳಗಡೆ ನೀರು ಹನಿಗಟ್ಟಿ ಕೂತಿದ್ಯಾ, ಮಾಡಿಟ್ಟಿದ್ದು ಖಾಲಿಯಾಗಿ ಹೊಸದು ಬೇಯ್ತಿದ್ಯಾ. ಜನ ಜಾಸ್ತಿ ಇರೋ ಕಡೆ ತಿನ್ನಿ ಅಂತ ಎಲ್ರೂ ಹೇಳ್ತಾರೆ, ಅದರ ಹಿಂದಿನ ಕಾರಣ ಇದೇ, ಜನಕ್ಕೆ ಎಲ್ಲಾ ಗೊತ್ತು ಅಂತಲ್ಲ, ಜನ ಇದ್ದ ಕಡೆ ಪಾತ್ರೆ ಬೇಗ ಖಾಲಿ ಆಗುತ್ತೆ ಅಂತ. ಊಟದ ಟೈಮಿಗೇ ಹೋಗಿ. ಮಧ್ಯಾಹ್ನ ನಾಲ್ಕಕ್ಕೆ ಹೋದ್ರೆ ಒಳ್ಳೆ ಅಂಗಡಿಯಲ್ಲೂ ನಿಮಗೆ ಸಿಗೋದು ಹನ್ನೆರಡರದ್ದು.

ನನ್ನದೂ ಒಂದು ಕಥೆ ಹೇಳ್ಬಿಡ್ತೀನಿ. ಒಂದ್ಸಲ ಎಣ್ಣೇಲಿ ಕರಿದಿದ್ದು ಬೇಡ, ‘ಹೆಲ್ದಿ’ ಆಗಿರ್ಲಿ ಅಂತ ಗಾಜಿನ ಪೆಟ್ಟಿಗೇಲಿ ಚೆಂದಕ್ಕೆ ಜೋಡಿಸಿಟ್ಟಿದ್ದ ಹೆಚ್ಚಿದ ಹಣ್ಣು ತಿಂದೆ, ಜೊತೆಗಿದ್ದೋರು ಎದುರು ಅಂಗಡೀಲಿ ಬಿಸಿ ಬಿಸಿ ಕರಿದಿದ್ದು ತಿಂದ್ರು. ಅವರು ಊರು ನೋಡಿದ್ರು, ನಾನು ಎರಡು ದಿನ ರೂಮಿನ ಬಾತ್‌ರೂಮ್ ಟೈಲ್ಸ್ ಎಣಿಸಿದೆ. ಆಮೇಲೆ ನೆನಪಾಯ್ತು, ಆ ಪೆಟ್ಟಿಗೆ ತಳದಲ್ಲಿ ಐಸ್ ಕರಗಿ ನೀರು ನಿಂತಿತ್ತು, ಹಣ್ಣಿನ ಕೆಳಗಿನ ಹೋಳುಗಳು ಅದರಲ್ಲೇ ಮುಳುಗಿದ್ವು. ಐಸಲ್ಲಿ ಕ್ರಿಮಿ ಸಾಯಲ್ಲ ಸ್ವಾಮಿ, ನಿದ್ದೆ ಮಾಡುತ್ತೆ ಅಷ್ಟೇ. ಹಣ್ಣು ತಿನ್ಬೇಕಾ, ಇಡೀದು ತಗೊಳ್ಳಿ, ನೀವೇ ಕೈ ತೊಳ್ಕೊಂಡು ಸಿಪ್ಪೆ ಸುಲಿದು ತಿನ್ನಿ.

ಡಬ್ಬಿ ಬಿಡಲ್ಲ ಅಂತ ಯಜಮಾನ್ರು ಹಠ ಹಿಡಿದ್ರೆ ಒಣಗಿರೋದನ್ನ ಕಟ್ಕೊಡಿ, ತೇವ ಇಲ್ದಿರೋದು, ಹುರಿದಿದ್ದು, ಬೀಜಗಳು, ಅಂಥವು. ದಾರಿಗೆ ಅವರ ಡಬ್ಬಿ, ಊರು ಮುಟ್ಟಿದ ಮೇಲೆ ನಿಮ್ಮ ಮಾತು.

ಪ್ರಶ್ನೆ: ಎಷ್ಟೇ ಹುಷಾರಾಗಿದ್ರೂ ಹೊಟ್ಟೆ ಕೆಟ್ಟೇ ಹೋದ್ರೆ? ಮಾತ್ರೆ ಮೊದ್ಲೇ ನುಂಗ್ಕೊಂಡು ಹೋಗೋದು ಒಳ್ಳೇದಾ?

ಆಂಟಿಬಯಾಟಿಕ್ ಮೊದ್ಲೇ ನುಂಗೋದು ನಿಮ್ಮ ಡಾಕ್ಟರು ನಿಮ್ಮ ಕಾಯಿಲೆ ನೋಡಿ ಹೇಳಿದ್ರೆ ಮಾತ್ರ. ಬ್ಯಾಗಲ್ಲಿ ಇರಬೇಕಾಗಿರೋದು ಓಆರ್‌ಎಸ್ ಪ್ಯಾಕೆಟ್, ಹೊಟ್ಟೆ ಕೆಟ್ಟಾಗ ನಮ್ಮನ್ನ ಮಲಗಿಸೋದು ಹೆಚ್ಚಾಗಿ ನೀರು-ಉಪ್ಪು ಹೋಗೋದೇ. ಪ್ಯಾಕೆಟ್ ಸಿಗದೇ ಇದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಸಮ ಮಾಡಿ ಅಳೀರಿ, ಗೋಪುರ ಮಾಡ್ಬೇಡಿ. ಅದರಲ್ಲೂ ಉಪ್ಪು ಜಾಸ್ತಿ ಆಗ್ಬಾರ್ದು. ಇದೇನು ಅಜ್ಜಿ ಮದ್ದು ಅಂತ ಮೂಗು ಮುರೀಬೇಡಿ. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಕಾಗದೇ ಹೋದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಇಂಥದ್ದೇ ಉಪ್ಪು-ಸಕ್ಕರೆ ನೀರು ಡ್ರಮ್ಮಲ್ಲಿ ಕಲೆಸಿ ಕುಡಿಸಿ ಸಾವಿರಾರು ಜನರನ್ನ ಉಳಿಸಿದ್ರು. ಮಲದಲ್ಲಿ ರಕ್ತ ಬಂದ್ರೆ, ಜೋರು ಜ್ವರ ಇದ್ರೆ, ಕುಡಿದಿದ್ದೂ ನಿಲ್ಲದೆ ವಾಂತಿ ಆದ್ರೆ, ಮೂತ್ರ ಕಮ್ಮಿ ಆದ್ರೆ ಮನೆ ಮದ್ದು ನೆಚ್ಕೊಂಡು ಕೂರ್ಬೇಡಿ, ಆಸ್ಪತ್ರೆಗೆ ಹೋಗಿ. ಮಗು, ವಯಸ್ಸಾದೋರು, ಬಸುರಿ ಆದ್ರೆ ಇಷ್ಟೂ ಕಾಯ್ಬೇಡಿ.

ಅಂದಹಾಗೆ ಖಾರ ತಿಂದಿದ್ದಕ್ಕೆ ಆಗೋ ಉರಿ ಬೇರೆ, ಸೋಂಕು ಬೇರೆ. ಮೊದಲ್ನೇ ದಿನಾನೇ ಅಭ್ಯಾಸ ಇಲ್ದಿರೋ ಖಾರ, ಎಣ್ಣೆ ಎಲ್ಲಾ ಒಟ್ಟಿಗೆ ನುಗ್ಗಿಸಿ ಆಮೇಲೆ ಆ ಊರಿನ ಅಡುಗೆ ಸರಿ ಇಲ್ಲ ಅನ್ನೋದು ಅನ್ಯಾಯ.

ಪ್ರಶ್ನೆ: ಅಕ್ಕಾ, ಟೂರಲ್ಲಿ ರಸ್ತೆ ಬದಿ ತಗೊಂಡ ಜೋಳದ ತೆನೆ, ತೋಟದ ಪಕ್ಕ ತಗೊಂಡ ಹಣ್ಣು ಎಷ್ಟು ಸಿಹಿ ಇತ್ತು ಅಂದ್ರೆ ಮೂರು ಕೆಜಿ ಕಟ್ಟಿಸ್ಕೊಂಡು ಬಂದ್ವಿ. ಮನೇಲಿ ತಿಂದ್ರೆ ಸಪ್ಪೆ. ನಮಗೆ ಮೋಸ ಆಯ್ತಾ?

ಮೋಸ ಮಾಡಿದ್ದು ಮಾರಿದೋರಲ್ಲ, ಗಡಿಯಾರ. ಸಿಹಿ ಜೋಳ ಕಿತ್ತ ಗಳಿಗೆಯಿಂದಾನೇ ಅದರೊಳಗಿನ ಸಕ್ಕರೆ ಪಿಷ್ಟ ಆಗೋಕೆ ಶುರುವಾಗುತ್ತೆ. ಹಳೇ ಥರದ ಸಿಹಿ ಜೋಳವನ್ನ 30 ಡಿಗ್ರಿ ಬಿಸಿಲಲ್ಲಿ ಒಂದು ದಿನ ಇಟ್ರೆ ಅರ್ಧಕ್ಕಿಂತ ಜಾಸ್ತಿ ಸಕ್ಕರೆ ಹೋಗಿರುತ್ತೆ, ಅದನ್ನೇ ಸೊನ್ನೆ ಡಿಗ್ರಿ ಹತ್ರ ತಣ್ಣಗಿಟ್ರೆ ಅದರಲ್ಲಿ ಹತ್ತನೇ ಒಂದು ಪಾಲೂ ಹೋಗಲ್ಲ. ಈಗ ಬರೋ ಸೂಪರ್ ಸ್ವೀಟ್ ತಳಿಗಳು ಒಂದಷ್ಟು ದಿನ ತಡೀತವೆ. ನೀವು ಕಾರಿನ ಡಿಕ್ಕಿಯಲ್ಲಿ ತಂದ್ರಲ್ಲ, ಮುಗೀತು. ಹಸಿ ಬಟಾಣಿದೂ ಇದೇ ಕಥೆ.

ತೆನೆ ತಗೊಳ್ಳುವಾಗ ಸಿಪ್ಪೆ ಚೂರು ಸರಿಸಿ ಒಂದು ಕಾಳಿಗೆ ಉಗುರು ಚುಚ್ಚಿ ನೋಡಿ (ಅಂಗಡಿಯೋರನ್ನ ಕೇಳ್ಕೊಂಡು, ಇಲ್ಲಾಂದ್ರೆ ಬೈಸ್ಕೋತೀರಾ). ಹಾಲಿನ ಥರ ರಸ ಚಿಮ್ಮಿದ್ರೆ ಸರಿಯಾದ ಹದ, ನೀರು ಬಂದ್ರೆ ಎಳೇದು, ಹಿಟ್ಟಿನ ಥರ ಬಂದ್ರೆ ಬಲಿತು ಹೋಗಿದೆ. ಬಟಾಣಿ ಕಾಯಿನ ಬೆರಳಲ್ಲಿ ಬಗ್ಗಿಸಿ, ‘ಟಕ್’ ಅಂತ ಮುರಿದ್ರೆ ತಗೊಳ್ಳಿ, ರಬ್ಬರ್ ಥರ ಬಳುಕಿದ್ರೆ ಅದು ಕಿತ್ತು ತುಂಬಾ ದಿನ ಆಗಿದೆ.

ಹಣ್ಣಿನ ವಿಷಯ ಸ್ವಲ್ಪ ಬೇರೆ, ಇದನ್ನ ತಿಳ್ಕೊಂಡ್ರೆ ಜೀವನಪೂರ್ತಿ ಉಪಯೋಗಕ್ಕೆ ಬರುತ್ತೆ. ಹಣ್ಣಲ್ಲಿ ಎರಡು ಜಾತಿ. ಬಾಳೆ, ಮಾವು, ಪಪ್ಪಾಯಿ, ಸಪೋಟ, ಟೊಮ್ಯಾಟೊ ಇವೆಲ್ಲ ಬಲಿತ ಮೇಲೆ ಕಿತ್ರೆ ಮನೇಲಿ ಕೂತು ಹಣ್ಣಾಗ್ತವೆ, ಎಥಿಲೀನ್ ಅನ್ನೋ ಅನಿಲನ ತಾವೇ ಬಿಟ್ಕೊಂಡು, ಅದಕ್ಕೇ ಒಂದು ಹಣ್ಣಾದ ಬಾಳೆಹಣ್ಣಿನ ಜೊತೆ ಕಾಗದದ ಕವರಲ್ಲಿ ಇಟ್ರೆ ಕಾಯಿನೂ ಬೇಗ ಹಣ್ಣಾಗೋದು. ದ್ರಾಕ್ಷಿ, ಕಿತ್ತಳೆ, ಅನಾನಸ್, ದಾಳಿಂಬೆ, ಸ್ಟ್ರಾಬೆರಿ ಇವು ಕಿತ್ತ ಮೇಲೆ ಸಿಹಿ ಆಗಲ್ಲ. ಬಣ್ಣ ಬದಲಾಗ್ಬಹುದು, ಮೆತ್ತಗಾಗ್ಬಹುದು, ಸಕ್ಕರೆ ಮಾತ್ರ ಗಿಡದಿಂದ ಬಂದಿದ್ದೆಷ್ಟೋ ಅಷ್ಟೇ. ಹುಳಿ ದ್ರಾಕ್ಷಿ ತಂದು ‘ಇನ್ನೆರಡು ದಿನ ಇಟ್ರೆ ಸರಿ ಹೋಗುತ್ತೆ’ ಅನ್ನೋರು ನಮ್ಮನೇಲೂ ಇದಾರೆ, ಅದು ಯಾವತ್ತೂ ಸರಿ ಹೋಗಿಲ್ಲ. ಹಾಗಾಗಿ ಪ್ರವಾಸದಿಂದ ತರೋದಾದ್ರೆ ಮೊದಲ್ನೇ ಜಾತಿದು ಗಟ್ಟಿ ಇರೋದನ್ನ ತನ್ನಿ, ಎರಡನೇ ಜಾತಿದನ್ನ ಅಲ್ಲೇ ನಿಂತು ತಿಂದು ಮುಗಿಸಿ.

ಪ್ರಶ್ನೆ: ಈಗ ಎಲ್ಲಾ ಕಾಲದಲ್ಲೂ ಎಲ್ಲಾ ಸಿಗುತ್ತಲ್ಲ, ಸೀಸನ್ ನೋಡ್ಕೊಂಡು ತಿನ್ಬೇಕು ಅನ್ನೋದು ಹಳೇ ಕಾಲದ ಮಾತಲ್ವಾ? ಫ್ರೋಜನ್ ಬಟಾಣಿ ತಂದ್ರೆ ಅತ್ತೆ ಬೈತಾರೆ.

ಸಿಗೋದು ಬೇರೆ, ರುಚಿ ಇರೋದು ಬೇರೆ. ಸೀಸನ್ ಇಲ್ಲದಾಗ ಬರೋ ಹಣ್ಣು ಒಂದೋ ದೂರದಿಂದ ಬರಬೇಕು, ಇಲ್ಲಾ ತುಂಬಾ ದಿನ ಕೋಲ್ಡ್ ಸ್ಟೋರೇಜಲ್ಲಿ ಕೂತಿರಬೇಕು, ಇಲ್ಲಾ ಬೆಚ್ಚಗಿನ ಗ್ರೀನ್‌ಹೌಸಲ್ಲಿ ಬೆಳೆದಿರಬೇಕು. ದೂರ ಬರೋದನ್ನ ದಾರೀಲಿ ಜಜ್ಜಿ ಹೋಗ್ಬಾರ್ದು ಅಂತ ಗಟ್ಟಿ ಇದ್ದಾಗಲೇ ಕೀಳ್ತಾರೆ, ತಳಿನೂ ರುಚಿಗಿಂತ ಪ್ರಯಾಣ ತಡೆಯೋದನ್ನೇ ನೋಡಿ ಆರಿಸ್ತಾರೆ. ಟೊಮ್ಯಾಟೊ ತಗೊಳ್ಳಿ, ಅದರ ರುಚಿ ಅರ್ಧಕ್ಕರ್ಧ ವಾಸನೇಲಿದೆ. 2016ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಆಯ್ತು, ಹಣ್ಣಾದ ಟೊಮ್ಯಾಟೊನ ಒಂದು ವಾರ 5 ಡಿಗ್ರಿ ಆಸುಪಾಸಲ್ಲಿ ಇಟ್ಟು ಆಮೇಲೆ ಹೊರಗೆ ತೆಗೆದಿಟ್ರೂ ಆ ಪರಿಮಳ ಪೂರ್ತಿ ವಾಪಸ್ ಬರ್ಲಿಲ್ಲ, ಪರಿಮಳ ತಯಾರು ಮಾಡೋ ಜೀನ್‌ಗಳೇ ಚಳಿಗೆ ಮಂಕಾಗಿದ್ವು. ಸಕ್ಕರೆ, ಹುಳಿ ಹೆಚ್ಚು ಕಮ್ಮಿ ಹಾಗೇ ಇತ್ತು, ವಾಸನೆ ಹೋಗಿದ್ದಕ್ಕೇ ಸಪ್ಪೆ. ಎರಡು ಮೂರು ದಿನಕ್ಕಾಗುವಷ್ಟೇ ತಂದು ಹೊರಗಿಡಿ, ತೊಟ್ಟಿನ ಕಡೆ ಕೆಳಗೆ ಮಾಡಿ.

ಇನ್ನು ಫ್ರೋಜನ್ ಬಟಾಣಿ. ಅತ್ತೆಯೋರಿಗೆ ಈ ಪುಟ ಓದಿ ಹೇಳಿ, ಇದರಲ್ಲಿ ನಾನು ನಿಮ್ಮ ಕಡೆ. ಬಟಾಣಿನ ಸೀಸನ್ನಲ್ಲೇ ಕಿತ್ತು ಕೆಲವೇ ಗಂಟೆಗಳಲ್ಲಿ ಕುದಿಯೋ ನೀರಲ್ಲೋ ಹಬೇಲೋ ಒಂದೆರಡು ನಿಮಿಷ ಹಾಯಿಸ್ತಾರೆ, ಅದರಿಂದ ಬಣ್ಣ-ರುಚಿ ಕೆಡಿಸೋ ಎಂಜೈಮ್ ನಿಂತು ಹೋಗುತ್ತೆ, ಆಮೇಲೆ ದಿಢೀರ್ ಅಂತ ಹೆಪ್ಪುಗಟ್ಟಿಸ್ತಾರೆ. ಕಿತ್ತು ಐದಾರು ದಿನ ಆಗಿರೋ ‘ಫ್ರೆಶ್’ ಬಟಾಣಿಗಿಂತ ಎಷ್ಟೋ ಸಲ ಇದರಲ್ಲೇ ವಿಟಮಿನ್ ಸಿ ಜಾಸ್ತಿ ಉಳಿದಿರುತ್ತೆ. ತಾಜಾ ಅನ್ನೋದು ಬೋರ್ಡಲ್ಲಿ ಬರೆಯೋ ಪದ ಅಲ್ಲ, ಕಿತ್ತು ಎಷ್ಟು ಹೊತ್ತಾಯ್ತು ಅನ್ನೋ ಲೆಕ್ಕ.

ತಮಾಷೆ ಏನಂದ್ರೆ ಈ ದಿಢೀರ್ ಫ್ರೀಜಿಂಗ್ ವ್ಯಾಪಾರ ಬೆಳೆದಿದ್ದೇ ಪ್ರವಾಸದಲ್ಲಿ ತಿಂದ ಊಟದಿಂದ. ಕ್ಲಾರೆನ್ಸ್ ಬರ್ಡ್ಸ್‌ಐ ಅನ್ನೋ ಅಮೆರಿಕದೋನು 1912ರ ನಂತರ ಕೆಲವು ವರ್ಷ ಈಗಿನ ಕೆನಡಾದ ಲ್ಯಾಬ್ರಡಾರ್‌ನಲ್ಲಿ ಇದ್ದ. ಅಲ್ಲಿನ ಇನುಯಿಟ್ ಜನ ಹಿಡಿದ ಮೀನು ಆ ಕೊರೆಯೋ ಗಾಳಿಗೆ ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಕಲ್ಲಾಗೋದು, ತಿಂಗಳುಗಟ್ಟಲೆ ಆದ್ಮೇಲೆ ಕರಗಿಸಿ ಬೇಯಿಸಿದ್ರೂ ರುಚಿ ಕೆಟ್ಟಿರ್ತಿರ್ಲಿಲ್ಲ. ನಿಧಾನಕ್ಕೆ ಹೆಪ್ಪುಗಟ್ಟಿದ್ರೆ ಐಸಿನ ಹರಳು ದೊಡ್ಡದಾಗಿ ಒಳಗಡೆ ಕೋಶಗಳನ್ನ ಹರಿದು ಹಾಕುತ್ತೆ, ಬೇಗ ಆದ್ರೆ ಹರಳು ಸಣ್ಣವು, ಹಾಗಾಗಿ ಕರಗಿದ ಮೇಲೂ ಗಟ್ಟಿ ಇರುತ್ತೆ. ಇದನ್ನ ನೋಡಿ ಬಂದು 1920ರ ದಶಕದಲ್ಲಿ ಮೆಷಿನ್ ಮಾಡಿದ, 1930ರಲ್ಲಿ ಅಂಗಡಿಗಳಲ್ಲಿ ಪ್ಯಾಕೆಟ್ ಬಂತು. ಅವನೂ ಡಬ್ಬಿ ಕಟ್ಕೊಂಡು ಹೋಗಿದ್ರೆ ನಿಮ್ಮ ಫ್ರೀಜರಲ್ಲಿ ಬಟಾಣಿ ಬರ್ತಿತ್ತೋ ಇಲ್ವೋ.

ಮನೇಲೇ ಫ್ರೀಜ್ ಮಾಡೋದಾದ್ರೂ ಇದೇ ಸೂತ್ರ. ಬಿಸಿನೀರಿಗೆ ಹಾಕಿ ತೆಗೆದು, ತಣ್ಣೀರಿಗೆ ಹಾಕಿ, ಚೆನ್ನಾಗಿ ಒರೆಸಿ, ತಟ್ಟೇಲಿ ಒಂದೇ ಪದರ ಹರಡಿ ಫ್ರೀಜರಿಗಿಡಿ, ಗಟ್ಟಿ ಆದ್ಮೇಲೆ ಕವರಿಗೆ ತುಂಬಿ. ನೇರ ಕವರಿಗೆ ಸುರಿದ್ರೆ ಇಟ್ಟಿಗೆ ಆಗುತ್ತೆ.

ಪ್ರಶ್ನೆ: ಮಗ ಕಾಲೇಜಿಂದ ಬಂದು ದೂರದಿಂದ ಬಂದ ಹಣ್ಣು ತಿಂದ್ರೆ ಭೂಮಿ ಹಾಳಾಗುತ್ತೆ ಅಂತ ಭಾಷಣ ಮಾಡ್ತಾನೆ. ನಿಜಾನಾ?

ಅರ್ಧ ನಿಜ. 2008ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಅಲ್ಲಿನ ಮನೆಗಳ ಊಟದ ಲೆಕ್ಕ ತೆಗೆದ್ರು, ಆಹಾರದಿಂದ ಬರೋ, ಭೂಮಿನ ಬಿಸಿ ಮಾಡೋ ಹಸಿರುಮನೆ ಅನಿಲದಲ್ಲಿ ಸಾಗಾಣಿಕೆದು ಒಟ್ಟು 11 ಶೇಕಡ, ಬೆಳೆದಲ್ಲಿಂದ ಅಂಗಡಿ ತನಕದ ಕೊನೇ ಸಾಗಾಟ ಬರೀ 4 ಶೇಕಡ, ಮಿಕ್ಕಿದ್ದು ಹೆಚ್ಚುಪಾಲು ಬೆಳೆಯೋದ್ರಲ್ಲೇ. ಹಡಗಲ್ಲಿ ಬಂದಿದ್ದಕ್ಕೆ ಅಷ್ಟು ತಲೆ ಕೆಡಿಸ್ಕೋಬೇಡಿ, ವಿಮಾನದಲ್ಲಿ ಬರೋ ನಾಜೂಕು ಹಣ್ಣು-ತರಕಾರಿ ಮಾತ್ರ ದುಬಾರಿ ಲೆಕ್ಕ. ಪಕ್ಕದಲ್ಲೇ ಬೆಳೆದಿದ್ರೂ ಚಳೀಲಿ ಹೀಟರ್ ಹಾಕಿ ಬೆಳೆದಿದ್ರೆ ಅದೂ ಅಷ್ಟೇ. ಹತ್ತಿರದ್ದು ಮತ್ತು ಅದರ ಕಾಲದ್ದು, ಎರಡೂ ಸೇರಿದ್ರೆ ಮಾತ್ರ ಮಗನ ಭಾಷಣಕ್ಕೆ ಬೆಲೆ. ಮತ್ತೆ ತಟ್ಟೇಲಿ ಅರ್ಧ ಬಿಟ್ಟು ಎದ್ದು ಹೋಗ್ತಾನಾ ಅಂತಾನೂ ಒಂದ್ಸಲ ನೋಡಿ, ಯಾಕೆ ಕೇಳ್ದೆ ಅಂದ್ರೆ ಎಸೆಯೋ ಊಟಕ್ಕೂ ಅಷ್ಟೇ ನೀರು, ಗೊಬ್ಬರ, ಡೀಸೆಲ್ ಖರ್ಚಾಗಿರುತ್ತೆ.

ಪ್ರಶ್ನೆ: ಹೊಸ ಊರಿಗೆ ಬಂದಿದೀವಿ, ಇಲ್ಲಿ ಯಾವಾಗ ಯಾವುದರ ಸೀಸನ್ ಅಂತ ಗೊತ್ತಾಗೋದು ಹೇಗೆ?

ಕ್ಯಾಲೆಂಡರ್ ಬೇಡ, ಮಾರ್ಕೆಟ್ ಸುತ್ತಿ. ಎಲ್ಲಾ ಅಂಗಡೀಲೂ ರಾಶಿ ಬಿದ್ದಿರೋದು, ರೇಟು ಇಳೀತಾ ಇರೋದು, ಅಂಗಡಿಯೋರೇ ‘ತಗೊಳ್ಳಿ ತಗೊಳ್ಳಿ’ ಅಂತ ಕರೀತಿರೋದು, ಅದೇ ಸೀಸನ್. ಮೊದಲ್ನೇ ವಾರ ಬರೋದು ದುಬಾರಿ, ರುಚಿನೂ ಇನ್ನೂ ಕೂತಿರಲ್ಲ, ಎರಡು ವಾರ ತಡೀರಿ. ಭೂಮಧ್ಯರೇಖೆ ದಾಟಿ ಹೋಗಿದ್ರೆ ಕಾಲ ಉಲ್ಟಾ ಅನ್ನೋದೊಂದು ನೆನಪಿರಲಿ.

ಪ್ರಶ್ನೆ: ಮಗಳಿಗೆ ಕಡಲೆಕಾಯಿ ಅಲರ್ಜಿ. ಭಾಷೆ ಬರದ ಊರಲ್ಲಿ ಹೊರಗೆ ತಿನ್ನಿಸೋದು ಹೇಗೆ?

ಆ ಊರಿನ ಭಾಷೇಲಿ ಒಂದು ಚೀಟಿ ಬರೆಸಿ ಇಟ್ಕೊಳ್ಳಿ, ಫೋನಿನ ಅನುವಾದ ನಂಬಿ ಕೂರ್ಬೇಡಿ, ಭಾಷೆ ಬಲ್ಲೋರ ಕೈಲಿ ಬರೆಸಿ. ಬರೀ ‘ಕಡಲೆಕಾಯಿ ಬೇಡ’ ಅಂತ ಬರೆದ್ರೆ ಮೇಲಿಂದ ಉದುರಿಸೋದು ಬಿಟ್ಟು ಕೊಡ್ತಾರೆ. ‘ಕಡಲೆಕಾಯಿ, ಅದರ ಎಣ್ಣೆ, ಪುಡಿ, ಪೇಸ್ಟ್ ಯಾವುದೂ ಇರಬಾರದು, ತಿಂದರೆ ಉಸಿರು ಕಟ್ಟುತ್ತದೆ, ಅದೇ ಬಾಣಲೆಯಲ್ಲಿ ಮಾಡಿದ್ದೂ ಬೇಡ’ ಅಂತ ಪೂರ್ತಿ ಬರೆಸಿ, ಆ ಚೀಟಿನ ಆರ್ಡರ್ ತಗೊಳೋರಿಗಲ್ಲ, ಅಡುಗೆ ಮಾಡೋರಿಗೆ ತೋರಿಸಿ. ಡಾಕ್ಟರ್ ಕೊಟ್ಟಿರೋ ಎಪಿನೆಫ್ರಿನ್ ಇಂಜೆಕ್ಷನ್ (ಅಲರ್ಜಿ ಜೋರಾದಾಗ ಚುಚ್ಚೋದು) ಇದ್ರೆ ಸೂಟ್‌ಕೇಸಲ್ಲಿ ಅಲ್ಲ, ಯಾವಾಗ್ಲೂ ಕೈಚೀಲದಲ್ಲಿ. ಅವರು ಹೇಳಿದ್ದು ಅರೆಬರೆ ಅನ್ನಿಸಿದ್ರೆ ಎದ್ದು ಬನ್ನಿ, ನಾಚಿಕೆ ಪಡ್ಬೇಡಿ.

ಪ್ರಶ್ನೆ: ಪ್ರವಾಸದಲ್ಲಿ ತಿಂದಿದ್ದನ್ನ ರೆಸಿಪಿ ಕೇಳ್ಕೊಂಡು ಬಂದು ಮನೇಲಿ ಮಾಡಿದ್ರೆ ಆ ರುಚಿ ಬರೋದೇ ಇಲ್ಲ. ಕೈಗುಣ ಅನ್ನೋದು ನಿಜಾನಾ?

ಕೈಗುಣ ಇದ್ದೀತು, ಆದ್ರೆ ಮೊದ್ಲು ನಿಮ್ಮ ಕಾಲುಗುಣ ನೋಡಿ, ಅವತ್ತು ಅರ್ಧ ದಿನ ಸುತ್ತಿ ಹಸಿದು ಕೂತಿದ್ರಿ. ನಾವು ರುಚಿ ಅನ್ನೋದ್ರಲ್ಲಿ ಬಹುಪಾಲು ವಾಸನೆ, ಸುತ್ತಲಿನ ಗಾಳಿ ಬದಲಾದ್ರೆ ಅದೂ ಬದಲಾಗುತ್ತೆ. ವಿಮಾನದಲ್ಲಿ ಊಟ ಯಾಕೆ ಸಪ್ಪೆ ಅಂದ್ರೆ ಒಳಗಿನ ಗಾಳಿ ತುಂಬಾ ಒಣ, ಒತ್ತಡ ಕಮ್ಮಿ, ಮೂಗು ಮಂದ ಆಗುತ್ತೆ, ಉಪ್ಪು ಸಿಹಿ ಎರಡೂ ನಾಲಿಗೆಗೆ ಕಮ್ಮಿ ತಾಗುತ್ತೆ.

ಆಮೇಲೆ ಸಾಮಾನು. ಅವರು ಅಲ್ಲಿ ಬೆಳಿಗ್ಗೆ ಕಿತ್ತಿದ್ದನ್ನ ಹಾಕಿರ್ತಾರೆ, ನೀವು ಅದನ್ನೇ ಹುಡುಕಿ ಹುಡುಕಿ ಹತ್ತು ದಿನದ ಹಿಂದೆ ಕಿತ್ತಿದ್ದನ್ನ ತಂದು ಹಾಕಿರ್ತೀರಾ, ರೆಸಿಪಿ ಒಂದೇ, ತರಕಾರಿ ಒಂದೇ ಅಲ್ಲ. ನಾನೂ ಮೊದ್ಲು ರೆಸಿಪಿ ಬರ್ಕೊಂಡು ಬರ್ತಿದ್ದೆ, ಗ್ರಾಂ ಲೆಕ್ಕ, ಚಮಚ ಲೆಕ್ಕ ಎಲ್ಲಾ. ಈಗ ಅದನ್ನ ಬಿಟ್ಟು ಮಾಡೋ ರೀತಿ ನೋಡ್ಕೊಂಡು ಬರ್ತೀನಿ, ಉರಿ ಎಷ್ಟಿದೆ, ಮೊದ್ಲು ಯಾವುದು ಬೀಳುತ್ತೆ, ಹುಳಿ ಬೇಯೋ ಮೊದ್ಲಾ ಇಳಿಸೋ ಹೊತ್ತಿಗಾ. ಮನೇಲಿ ಆ ವಾರ ಯಾವುದು ಚೆನ್ನಾಗಿ ಸಿಗುತ್ತೋ ಅದಕ್ಕೆ ಆ ರೀತಿ ಹಚ್ತೀನಿ. ಮತ್ತೆ ಅಡುಗೆ ಮಾಡೋರಿಗೆ ಬಿಡುವಿದ್ರೆ ಒಂದೇ ಪ್ರಶ್ನೆ ಕೇಳ್ತೀನಿ, ‘ಈ ತರಕಾರಿ ಸಿಗದ ತಿಂಗಳಲ್ಲಿ ನೀವು ಇದಕ್ಕೆ ಏನು ಹಾಕ್ತೀರಾ?’ ಅಂತ. ಒಬ್ಬರು ನಕ್ಕು, ‘ಆಗ ನಾವು ಇದನ್ನ ಮಾಡೋದೇ ಇಲ್ಲ’ ಅಂದ್ರು.